ಮಗುವಿನ ಮೊದಲ ಊಟ: ಯಾವುದು ಬೇಡ, ಯಾಕೆ ಬೇಡ

ಮೊದಲ ಮಗು ಊಟ ಶುರು ಮಾಡುವ ಹೊತ್ತಿಗೆ ನಾನು ಫ್ರಿಡ್ಜ್ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ದೆ. ಕೊಡಬಾರದ ತಿನಿಸುಗಳ ಪಟ್ಟಿ. ಕಂಡವರು, ಕೇಳಿದವರು ಹೇಳಿದ್ದನ್ನೆಲ್ಲ ಸೇರಿಸುತ್ತಾ ಹೋಗಿ ಅದು ಎರಡು ಪುಟ ಆಗಿತ್ತು. ಮೊಟ್ಟೆ, ಮೀನು, ಕಡಲೆಕಾಯಿ, ಕಿತ್ತಳೆ, ಟೊಮೇಟೊ, ಮೊಸರು, ಇನ್ನೂ ಏನೇನೋ. ಹಾಗಾದರೆ ಕೊಡುವುದೇನು ಅಂತ ಹುಡುಕಿದರೆ ಕೊನೆಗೆ ಉಳಿದದ್ದು ಬಾಳೆಹಣ್ಣು ಮತ್ತು ಅನ್ನ.

ಎರಡನೇ ಮಗುವಿನ ಹೊತ್ತಿಗೆ ಅದೇ ಪಟ್ಟಿ ತೆಗೆದು, ಪ್ರತಿ ಹೆಸರಿನ ಮುಂದೆ "ಯಾಕೆ?" ಅಂತ ಬರೆಯಲು ಕೂತೆ. ಅರ್ಧಕ್ಕಿಂತ ಜಾಸ್ತಿ ಹೆಸರುಗಳಿಗೆ ಉತ್ತರವೇ ಇರಲಿಲ್ಲ. ಉಳಿದವಕ್ಕೆ ಹೆಚ್ಚುಕಮ್ಮಿ ನಾಲ್ಕೇ ಕಾರಣ. ಒಂದು, ರೋಗಾಣು. ಎರಡು, ಗಂಟಲಿಗೆ ಸಿಕ್ಕಿಕೊಳ್ಳುವುದು. ಮೂರು, ಕಿಡ್ನಿಗೆ ಭಾರ. ನಾಲ್ಕು, ಪುಟ್ಟ ಹೊಟ್ಟೆಯ ಜಾಗವನ್ನು ಸುಮ್ನೆ ತುಂಬಿಸಿಬಿಡುವುದು. ಕಾರಣ ಗೊತ್ತಿದ್ದರೆ, ಯಾವ ಪಟ್ಟಿಯಲ್ಲೂ ಇಲ್ಲದ ತಿನಿಸು ಎದುರಿಗೆ ಬಂದಾಗಲೂ ನೀವೇ ತೀರ್ಮಾನ ಮಾಡಬಹುದು. ಅದಕ್ಕೇ ಇಲ್ಲಿ ಹೆಸರಿಗಿಂತ ಕಾರಣಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಅವಧಿಗೆ ಮುಂಚೆ ಹುಟ್ಟಿದ ಮಗು, ತೂಕ ಏರದ ಮಗು, ಬೇರೆ ಕಾಯಿಲೆ ಇರುವ ಮಗು ಆದರೆ ನಿಮ್ಮ ವೈದ್ಯರು ಹೇಳಿದ್ದೇ ನಿಮಗೆ ಲೆಕ್ಕ.

ಹೆಜ್ಜೆ 1: ಸಮಯ ಬಂದಿದೆಯಾ ನೋಡಿ

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 6 ತಿಂಗಳು ತುಂಬಿದ ಮೇಲೆ ಅಂತ. ಅಲ್ಲಿಯವರೆಗೆ ಎದೆಹಾಲು ಸಾಕು, ನೀರು ಕೂಡ ಬೇಡ. ತಿಂಗಳ ಲೆಕ್ಕದ ಜೊತೆ ಮಗುವನ್ನೂ ನೋಡಿ. ಕುತ್ತಿಗೆ ನೆಟ್ಟಗೆ ನಿಲ್ಲುತ್ತಾ? ಆಸರೆ ಕೊಟ್ಟರೆ ಕೂರುತ್ತಾ? ಚಮಚ ಬಾಯಿಗಿಟ್ಟಾಗ ನಾಲಿಗೆಯಿಂದ ಹೊರಗೆ ತಳ್ಳುವುದು ನಿಂತಿದೆಯಾ? ಈ ಮೂರಕ್ಕೂ ಹೌದು ಅನ್ನಿಸಿದರೆ ಶುರು ಮಾಡಬಹುದು.

ರಾತ್ರಿ ಚೆನ್ನಾಗಿ ಮಲಗಲಿ ಅಂತ ಬಾಟಲಿಯ ಹಾಲಿಗೆ ಹಿಟ್ಟು ಕಲಸಿ ಕುಡಿಸುವುದು ಬೇಡ. ಅದು ಗಂಟಲಿಗೆ ಅಡ್ಡ ಬರಬಹುದು. ಜೊತೆಗೆ, ಹಸಿವಿಲ್ಲದಿದ್ದರೂ ಮಗು ಜಾಸ್ತಿ ಕುಡಿದುಬಿಡುತ್ತದೆ.

ಹೆಜ್ಜೆ 2: ಜೇನುತುಪ್ಪವನ್ನು ಕೈಗೆ ಸಿಗದ ಕಡೆ ಇಡಿ

ಒಂದು ವರ್ಷ ತುಂಬುವವರೆಗೆ ಜೇನು ಒಂದು ತೊಟ್ಟೂ ಬೇಡ. ಈ ಇಡೀ ಲೇಖನದಲ್ಲಿ "ಸ್ವಲ್ಪ ಆದರೆ ಪರವಾಗಿಲ್ಲ" ಅನ್ನುವ ಮಾತಿಗೆ ಜಾಗವೇ ಇಲ್ಲದ ತಿನಿಸು ಇದು.

ಕಾರಣ ಕ್ಲಾಸ್ಟ್ರಿಡಿಯಂ ಬಾಟುಲಿನಂ ಅನ್ನುವ ಬ್ಯಾಕ್ಟೀರಿಯಾ. ಪ್ರತಿಕೂಲ ಹೊತ್ತಿನಲ್ಲಿ ಅದು ಗಟ್ಟಿ ಕವಚದ ಸ್ಪೋರ್ ಆಗಿ ಮಲಗಿರುತ್ತದೆ. ಇಂಥ ಸ್ಪೋರ್‌ಗಳು ಮಣ್ಣಿನಲ್ಲಿವೆ, ಧೂಳಿನಲ್ಲಿವೆ, ಕೆಲವು ಜೇನಿನಲ್ಲೂ ಇರುತ್ತವೆ. ದೊಡ್ಡವರ ಕರುಳಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಆಗಲೇ ಜಾಗ ಹಿಡಿದಿರುವುದರಿಂದ ಇವು ಬೆಳೆಯಲಾರವು. ಕೂಸಿನ ಕರುಳಿನಲ್ಲಿ ಆ ಕಾವಲು ಇನ್ನೂ ಸಿದ್ಧವಾಗಿರುವುದಿಲ್ಲ. ಸ್ಪೋರ್ ಅಲ್ಲೇ ಮೊಳೆತು ನರಗಳ ಸಂದೇಶ ತಡೆದು ಸ್ನಾಯುಗಳನ್ನು ಸಡಿಲಗೊಳಿಸುವ ವಿಷ ಬಿಡುತ್ತದೆ. ಇಂಥ ಶಿಶು ಬಾಟುಲಿಸಂ ವೈದ್ಯರ ಗಮನಕ್ಕೆ ಬಂದದ್ದೇ 1976ರಲ್ಲಿ. ಹಾಗಾಗಿ ಹಿಂದಿನವರಿಗೆ ಇದು ಗೊತ್ತಿರಲಿಲ್ಲ ಅಂತ ಅವರನ್ನು ದೂರುವ ಹಾಗಿಲ್ಲ. ಬಹುತೇಕ ಮಕ್ಕಳಿಗೆ ಇದು ಬರುವುದು ಧೂಳು, ಮಣ್ಣಿನಿಂದಲೇ. ಧೂಳನ್ನು ಪೂರ್ತಿ ತಡೆಯಲು ನಮ್ಮಿಂದ ಆಗುವುದಿಲ್ಲ, ಜೇನನ್ನು ತಡೆಯಬಹುದು.

ಬೇಯಿಸಿದರೆ ಸರಿಹೋಗುತ್ತಾ? ಇಲ್ಲ. ಈ ಸ್ಪೋರ್‌ಗಳು ಕುದಿಯುವ ನೀರಿನಲ್ಲೂ ಬದುಕಿರುತ್ತವೆ. ಅವನ್ನು ಕೊಲ್ಲಲು ಒತ್ತಡದ ಜೊತೆ 121 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಬೇಕು. ಆದ್ದರಿಂದ ಜೇನು ಹಾಕಿದ ಬಿಸ್ಕತ್ತು, ಸೀರಿಯಲ್, ಬ್ರೆಡ್ಡು ಕೂಡ ಈ ವಯಸ್ಸಿಗೆ ಬೇಡ. ಕೆಮ್ಮಿನ ಸಿರಪ್‌ಗಳ ಲೇಬಲ್ ಓದಿ, ಅಲ್ಲೂ ಜೇನು ಅಡಗಿರುತ್ತದೆ.

ಯಾರೋ ಗೊತ್ತಿಲ್ಲದೆ ಈಗಾಗಲೇ ನೆಕ್ಕಿಸಿಬಿಟ್ಟಿದ್ದರೆ? ಗಾಬರಿ ಬೇಡ, ಬಹಳಷ್ಟು ಮಕ್ಕಳಿಗೆ ಏನೂ ಆಗುವುದಿಲ್ಲ. ಆದರೆ ಒಂದು ತಿಂಗಳು ಕಣ್ಣಿಟ್ಟಿರಿ. ಸಾಮಾನ್ಯವಾಗಿ ಮೊದಲು ಕಾಣುವುದು ಮಲಬದ್ಧತೆ. ಆಮೇಲೆ ರೆಪ್ಪೆ ಜೋಲುವುದು, ಅಳು ಕ್ಷೀಣವಾಗುವುದು, ಹಾಲು ಚೀಪಲು ಆಗದಿರುವುದು, ಕುತ್ತಿಗೆ ಮತ್ತು ಕೈಕಾಲು ಸೋತುಹೋಗುವುದು. ಇಂಥದ್ದು ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ಜೇನಿನ ವಿಷಯವನ್ನು ಮರೆಯದೆ ಹೇಳಿ.

ಹೆಜ್ಜೆ 3: ಗಂಟಲಿನ ಲೆಕ್ಕ ಹಾಕಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದೇ. ಇಲ್ಲಿ ಬಹಳಷ್ಟು ಸಲ ತಪ್ಪು ತಿನಿಸಿನದ್ದಲ್ಲ, ಅದರ ಆಕಾರದ್ದು.

ಮಗುವಿಗೆ ಮೊದಲು ಬರುವುದು ಮುಂದಿನ ಹಲ್ಲು. ಅದು ಕಚ್ಚಿ ಮುರಿಯಲು ಮಾತ್ರ. ಅರೆಯುವ ದವಡೆ ಹಲ್ಲು ಬರುವುದು ಒಂದು ವರ್ಷ ದಾಟಿದ ಮೇಲೆ. ಅಂದರೆ ಎರಡು ಮುದ್ದಾದ ಹಲ್ಲು ಬಂದ ಮಗು ಸೇಬಿನ ತುಂಡನ್ನು ಕಚ್ಚಿಕೊಳ್ಳುತ್ತದೆ, ಆದರೆ ಅಗಿಯಲು ಆಗುವುದಿಲ್ಲ. ತುಂಡು ಹಾಗೇ ಹಿಂದಕ್ಕೆ ಜಾರುತ್ತದೆ. ಹಲ್ಲೇ ಇಲ್ಲದ ಮಗುವಿಗಿಂತ ಹಲ್ಲು ಬಂದ ಮಗುವಿನ ಮೇಲೆ ಜಾಸ್ತಿ ಗಮನ ಬೇಕು ಅಂತ ನನಗೆ ಅರ್ಥವಾದದ್ದು ಆಗ.

ದ್ರಾಕ್ಷಿಯನ್ನೇ ತೆಗೆದುಕೊಳ್ಳಿ. ಮೆತ್ತಗಿದೆ, ರಸ ಇದೆ, ಏನು ತೊಂದರೆ ಅನ್ನಿಸುತ್ತದೆ ಅಲ್ವಾ? ಅದು ದುಂಡಗಿದೆ, ನುಣುಪಾಗಿದೆ, ಮಗುವಿನ ಶ್ವಾಸನಾಳಕ್ಕೆ ಬಿರಡೆಯ ಹಾಗೆ ಕೂತುಬಿಡುತ್ತದೆ. ಪಕ್ಕದಲ್ಲಿ ಗಾಳಿ ಹೋಗಲು ಸಂದೂ ಉಳಿಯುವುದಿಲ್ಲ. ಅಡ್ಡಡ್ಡ ಕತ್ತರಿಸಿದರೂ ದುಂಡನೆಯ ಬಿಲ್ಲೆಯೇ ಸಿಗುತ್ತದೆ. ಉದ್ದುದ್ದ ಸೀಳಿ ನಾಲ್ಕು ಭಾಗ ಮಾಡಿ, ಬೀಜ ತೆಗೆದು ಕೊಡಿ. ಚೆರ್ರಿ ಟೊಮೇಟೊ, ದೊಡ್ಡ ಬೆರ್ರಿ, ಆಲಿವ್ ಎಲ್ಲಕ್ಕೂ ಇದೇ ಉಪಾಯ. ಸಾಸೇಜ್ ಆದರೆ ಸಿಪ್ಪೆ ಸುಲಿದು ಉದ್ದಕ್ಕೆ ಸೀಳಬೇಕು. ಅದರಲ್ಲಿ ಉಪ್ಪು ಎಷ್ಟಿರುತ್ತದೆ ಅಂದರೆ ನಾನಾದರೆ ಕೊಡುವುದೇ ಇಲ್ಲ.

ಹಸಿ ಕ್ಯಾರೆಟ್, ಹಸಿ ಸೇಬಿನಂಥ ಗಟ್ಟಿ ತಿನಿಸಿಗೆ ಒಂದು ಪರೀಕ್ಷೆ ಇದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಸುಕಿ ನೋಡಿ. ಸುಲಭವಾಗಿ ನುಗ್ಗಾದರೆ ಮಗುವಿನ ವಸಡೂ ಅದನ್ನು ನುಗ್ಗು ಮಾಡುತ್ತದೆ. ಆಗಲಿಲ್ಲವಾ? ಇನ್ನೂ ಬೇಯಿಸಿ, ಇಲ್ಲವೇ ತುರಿದು ಕೊಡಿ.

ಬಾದಾಮಿ, ಗೋಡಂಬಿ, ಕಡಲೆಕಾಯಿ ಇಡಿಯಾಗಿ ಕೊಡುವುದು 5 ವರ್ಷದವರೆಗೂ ಬೇಡ. ನುಣ್ಣಗೆ ಪುಡಿ ಮಾಡಿದರೆ, ಇಲ್ಲವೇ ತೆಳ್ಳಗೆ ಪೇಸ್ಟ್ ಮಾಡಿ ಗಂಜಿಯಲ್ಲೋ ಮೊಸರಿನಲ್ಲೋ ಕಲಸಿದರೆ 6 ತಿಂಗಳಿಗೇ ಆಗುತ್ತದೆ. ಪೀನಟ್ ಬಟರ್ ಅನ್ನು ಚಮಚದಲ್ಲಿ ಗಟ್ಟಿ ಮುದ್ದೆಯಾಗಿ ಇಡಬೇಡಿ. ಅದು ಅಂಗುಳಕ್ಕೆ ಅಂಟಿ ಕೂರುತ್ತದೆ, ಮಗುವಿಗೆ ಬಿಡಿಸಿಕೊಳ್ಳಲು ಬರುವುದಿಲ್ಲ. ಪಾಪ್‌ಕಾರ್ನ್, ಗಟ್ಟಿ ಮಿಠಾಯಿ, ಚೂಯಿಂಗ್ ಗಮ್, ಮಾರ್ಷ್‌ಮೆಲೊ ಮಾತ್ರ ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ಕನಿಷ್ಠ 4 ವರ್ಷದವರೆಗೆ ಅವನ್ನು ಮರೆತುಬಿಡಿ. ಚೀಸ್ ತುಂಡು ಮಾಡುವ ಬದಲು ತುರಿಯಿರಿ. ಮೀನಿನ ಮುಳ್ಳನ್ನು ಬೆರಳಲ್ಲೇ ಮುಟ್ಟಿ ಮುಟ್ಟಿ ಹುಡುಕಿ, ಕಣ್ಣನ್ನು ನಂಬಬೇಡಿ.

ಊಟ ಯಾವಾಗಲೂ ನೆಟ್ಟಗೆ ಕೂರಿಸಿ. ಮಲಗಿಸಿಕೊಂಡು ಬೇಡ, ಓಡುತ್ತಿರುವ ಕಾರಿನ ಹಿಂದಿನ ಸೀಟಿನಲ್ಲೂ ಬೇಡ. ಯಾರಾದರೂ ಎದುರಿಗೇ ಇರಬೇಕು. ಪಕ್ಕದ ಕೋಣೆಯಿಂದ ಕಿವಿ ಕೊಟ್ಟರೆ ಸಾಲದು, ಯಾಕೆಂದರೆ ಉಸಿರುಗಟ್ಟಿದ ಮಗು ಸದ್ದು ಮಾಡುವುದಿಲ್ಲ.

ಓಕರಿಕೆಗೂ ಉಸಿರುಗಟ್ಟುವುದಕ್ಕೂ ವ್ಯತ್ಯಾಸ ಇರುವುದೇ ಅಲ್ಲಿ. ಓಕರಿಸುವ ಮಗು ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ, ನಾಲಿಗೆ ಚಾಚುತ್ತದೆ, ಗಲಾಟೆ ಮಾಡುತ್ತದೆ. ಹೊಸದಾಗಿ ತಿನ್ನಲು ಕಲಿಯುವಾಗ ಇದು ದಿನಾ ಆಗುವಂಥದ್ದು. ಆಗ ನೀವು ಕೈ ಹಾಕಬೇಡಿ, ಅದೇ ಸರಿಮಾಡಿಕೊಳ್ಳುತ್ತದೆ. ಸದ್ದಿಲ್ಲ, ಕೆಮ್ಮಲು ಆಗುತ್ತಿಲ್ಲ, ಬಣ್ಣ ನೀಲಿಗೆ ತಿರುಗುತ್ತಿದೆ ಅಂದರೆ ಅದು ಉಸಿರುಗಟ್ಟಿರುವುದು. ಒಂದು ವರ್ಷದೊಳಗಿನ ಮಗುವಾದರೆ ಮುಂಗೈ ಮೇಲೆ ಬೋರಲು ಮಲಗಿಸಿ. ತಲೆ ಎದೆಗಿಂತ ಕೆಳಗಿರಲಿ, ದವಡೆಗೆ ಆಸರೆ ಕೊಡಿ. ಭುಜದ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಏಟು ಕೊಡಿ. ಬರಲಿಲ್ಲವೆಂದರೆ ಅಂಗಾತ ತಿರುಗಿಸಿ ಎದೆಯ ನಡುಮೂಳೆಯ ಕೆಳಭಾಗದಲ್ಲಿ 5 ಸಲ ಒತ್ತಿ. ಮತ್ತೆ ಬೆನ್ನು, ಮತ್ತೆ ಎದೆ. ಅಷ್ಟರಲ್ಲಿ ಇನ್ನೊಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಲಿ. ತುಂಡು ಕಣ್ಣಿಗೆ ಕಾಣದಿದ್ದರೆ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಅದು ಇನ್ನೂ ಒಳಕ್ಕೆ ಹೋಗುತ್ತದೆ. ಇದನ್ನು ಓದಿ ಕಲಿಯುವುದು ಕಷ್ಟ. ಊಟ ಶುರು ಮಾಡುವ ಮುಂಚೆ ಗೊತ್ತಿರುವವರ ಹತ್ತಿರ ಒಂದು ಸಲ ಬೊಂಬೆಯ ಮೇಲೆ ಮಾಡಿ ಕಲಿತುಕೊಳ್ಳಿ. ನಾನು ಕಲಿತದ್ದು ಎರಡನೇ ಮಗುವಿನ ಹೊತ್ತಿಗೆ. ಮೊದಲನೆಯದಕ್ಕೇ ಕಲಿಯಬೇಕಿತ್ತು.

ಹೆಜ್ಜೆ 4: ಮಗುವಿನ ಪಾಲನ್ನು ಉಪ್ಪಿಗೆ ಮುಂಚೆ ತೆಗೆದಿಡಿ

ಒಂದು ವರ್ಷದೊಳಗಿನ ಮಗುವಿಗೆ ದಿನಕ್ಕೆ 1 ಗ್ರಾಂ ಉಪ್ಪಿಗಿಂತ ಕಡಿಮೆ ಇರಬೇಕು ಅನ್ನುವುದು ಬ್ರಿಟನ್ನಿನ ಆರೋಗ್ಯ ಸೇವೆಯ ಸಲಹೆ. ಒಂದು ಟೀ ಚಮಚದಲ್ಲಿ ಸುಮಾರು 6 ಗ್ರಾಂ ಉಪ್ಪು ಹಿಡಿಯುತ್ತದೆ, ನೀವೇ ಊಹಿಸಿ. ಬೇಕಾದಷ್ಟು ಸೋಡಿಯಂ ಎದೆಹಾಲು ಮತ್ತು ತಿನಿಸುಗಳಲ್ಲಿ ಹಾಗೇ ಸಿಗುತ್ತದೆ. ಜಾಸ್ತಿಯಾದದ್ದನ್ನು ಹೊರಹಾಕುವಷ್ಟು ಮಗುವಿನ ಕಿಡ್ನಿ ಇನ್ನೂ ಬಲಿತಿರುವುದಿಲ್ಲ.

ಬೇರೆ ಅಡುಗೆ ಮಾಡಬೇಕು ಅಂತಿಲ್ಲ. ಮನೆಯವರಿಗೆ ಮಾಡಿದ್ದರಲ್ಲೇ ಉಪ್ಪು, ಖಾರ ಹಾಕುವ ಮುಂಚೆ ಒಂದು ಬಟ್ಟಲು ತೆಗೆದಿಟ್ಟರೆ ಆಯಿತು. "ಸಪ್ಪೆ, ಪಾಪ" ಅಂತ ಯಾರಾದರೂ ಮರುಗಿದರೆ ಮರುಗಲಿ. ಉಪ್ಪಿನ ರುಚಿಯನ್ನೇ ನೋಡದ ನಾಲಿಗೆಗೆ ಅದು ಸಪ್ಪೆ ಅಲ್ಲ.

ಕೈಯಾರೆ ಹಾಕುವ ಉಪ್ಪಿಗಿಂತ ಮೋಸದ್ದು ಪ್ಯಾಕೆಟ್ ಒಳಗಿನದ್ದು: ಚಿಪ್ಸ್, ಉಪ್ಪಿನಕಾಯಿ, ಸೋಯಾ ಸಾಸ್, ಸೂಪಿನ ಕ್ಯೂಬ್, ಇನ್‌ಸ್ಟಂಟ್ ನೂಡಲ್ಸ್. ಲೇಬಲ್‌ನಲ್ಲಿ ಸೋಡಿಯಂ ಅಂತ ಬರೆದಿದ್ದರೆ ಅದನ್ನು 2.5ರಿಂದ ಗುಣಿಸಿ, ಉಪ್ಪಿನ ಲೆಕ್ಕ ಸಿಗುತ್ತದೆ. 400 ಮಿಲಿಗ್ರಾಂ ಸೋಡಿಯಂ ಅಂದರೆ 1 ಗ್ರಾಂ ಉಪ್ಪು. ಮಗುವಿನ ಇಡೀ ದಿನದ ಮಿತಿ ಅಲ್ಲಿಗೇ ಮುಗಿಯಿತು.

ಹೆಜ್ಜೆ 5: ಹೊಟ್ಟೆಯ ಜಾಗ ಕಾಯಿರಿ

ಹುಟ್ಟುವಾಗ ಮಗು ಕಬ್ಬಿಣಾಂಶದ ಗಂಟು ಕಟ್ಟಿಕೊಂಡೇ ಬಂದಿರುತ್ತದೆ. ಸುಮಾರು 6 ತಿಂಗಳಿಗೆ ಅದು ಕರಗುತ್ತಾ ಬರುತ್ತದೆ. ಆಗ ಬೇಕಾಗುವ ಪ್ರಮಾಣ ಕೇಳಿದರೆ ಆಶ್ಚರ್ಯ ಆಗುತ್ತದೆ. ಅಮೆರಿಕದ ಪೌಷ್ಟಿಕಾಂಶ ಮಾನದಂಡದ ಪ್ರಕಾರ 7ರಿಂದ 12 ತಿಂಗಳ ಮಗುವಿಗೆ ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣ ಬೇಕು, ಬೆಳೆದ ಗಂಡಸಿಗೆ 8 ಸಾಕು. ಇದನ್ನು ತುಂಬಲು ಸಿಗುವುದು ದಿನಕ್ಕೆ ಕೆಲವೇ ಚಮಚ ಊಟ. ಹಾಗಾಗಿ ಆ ಜಾಗವನ್ನು ಬೇರೇನೋ ತಿನ್ನುವ ಹಾಗಿಲ್ಲ.

ಜ್ಯೂಸ್ ಒಂದು ವರ್ಷದವರೆಗೆ ಬೇಡ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಸ್ಪಷ್ಟವಾಗಿ ಹೇಳಿತು. ಮನೆಯಲ್ಲೇ ಹಿಂಡಿದ್ದಾದರೂ ಅಷ್ಟೇ. ನಾರು ಹೋಗಿ ಸಿಹಿನೀರು ಉಳಿಯುತ್ತದೆ. ಹಣ್ಣನ್ನೇ ಕಿವುಚಿ ಕೊಡಿ. ಸಕ್ಕರೆ, ಸಿರಪ್, ಸಿಹಿ ಬಿಸ್ಕತ್ತು, ಚಾಕೊಲೇಟ್ 2 ವರ್ಷದವರೆಗೆ ದೂರ ಇರಲಿ. ಪ್ಯಾಕೆಟ್ ಮೇಲೆ "ಸಕ್ಕರೆ ಸೇರಿಸಿಲ್ಲ" ಅಂತ ದೊಡ್ಡದಾಗಿ ಬರೆದು, ಹಿಂದೆ ಚಿಕ್ಕ ಅಕ್ಷರದಲ್ಲಿ ಹಣ್ಣಿನ ಸಾಂದ್ರ ರಸ ಅಂತ ಬರೆದಿರುತ್ತಾರೆ. ಅದೂ ಸಕ್ಕರೆಯೇ. ಟೀ, ಕಾಫಿ ಒಂದು ಗುಟುಕೂ ಬೇಡ. ಕೆಫೀನ್ ಮಾತು ಹಾಗಿರಲಿ, ಅವು ತಿಂದ ಊಟದ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ.

ಹಸುವಿನ ಹಾಲಿನ ವಿಷಯದಲ್ಲಿ ಎಲ್ಲರೂ ಒಂದೇ ಮಾತು ಹೇಳುವುದಿಲ್ಲ. ಅಮೆರಿಕ ಮತ್ತು ಬ್ರಿಟನ್ನಿನ ಸಲಹೆ: ಮುಖ್ಯ ಪಾನೀಯವಾಗಿ 12 ತಿಂಗಳವರೆಗೆ ಬೇಡ. ಅದರಲ್ಲಿ ಕಬ್ಬಿಣ ಬಹಳ ಕಡಿಮೆ, ಪ್ರೋಟೀನ್ ಮತ್ತು ಖನಿಜ ಜಾಸ್ತಿ. ಕೆಲವು ಮಕ್ಕಳಲ್ಲಿ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಸೋರುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ, ಎದೆಹಾಲು ಸಿಗದ 6ರಿಂದ 11 ತಿಂಗಳ ಮಕ್ಕಳಿಗೆ ಫಾರ್ಮುಲಾ (ಎದೆಹಾಲಿನ ಬದಲು ಕೊಡುವ ಶಿಶು ಹಾಲು) ಅಥವಾ ಪ್ರಾಣಿಯ ಹಾಲು ಎರಡರಲ್ಲಿ ಯಾವುದಾದರೂ ಆಗಬಹುದು ಅಂದಿದೆ. ನನ್ನ ಅಭಿಪ್ರಾಯ ಕೇಳಿದರೆ, ಎದೆಹಾಲು ಅಥವಾ ಫಾರ್ಮುಲಾ ಸಿಗುತ್ತಿರುವಾಗ ಅವಸರ ಯಾಕೆ? ಪ್ರಾಣಿಯ ಹಾಲೇ ಕೊಡಬೇಕಾಗಿ ಬಂದರೆ ಕಬ್ಬಿಣ ಇರುವ ಊಟದ ಬಗ್ಗೆ ವೈದ್ಯರ ಹತ್ತಿರ ಮಾತಾಡಿ. ಅಡುಗೆಗೆ ಹಾಕಿದ ಹಾಲು, ಸಿಹಿ ಹಾಕದ ಮೊಸರು 6 ತಿಂಗಳಿಂದಲೇ ಆಗುತ್ತದೆ, ಅದಕ್ಕೆ ತಕರಾರಿಲ್ಲ. ಕೊಬ್ಬು ತೆಗೆದ ಹಾಲು, ಮೊಸರು ಮಾತ್ರ ಬೇಡ, ಮಗುವಿಗೆ ಕೊಬ್ಬು ಬೇಕು.

ಹೆಜ್ಜೆ 6: ಹಸಿ ತಿನಿಸು ಮತ್ತು ಲೋಹಗಳು

ಕಾಯಿಸದ ಹಾಲು, ಅರೆಬೆಂದ ಮಾಂಸ, ಹಸಿ ಮೊಟ್ಟೆ ಹಾಕಿದ ಮೇಯನೇಸ್, ಹಸಿ ಸಿಗಡಿ, ಚಿಪ್ಪು ಮೀನು ಬೇಡ. ರೋಗಾಣುವಿನ ಕಾರಣ ಇಲ್ಲಿ ನೇರವಾಗಿಯೇ ಇದೆ.

ಮೀನು ಒಳ್ಳೆಯದು, ಆದರೆ ಬೇರೆ ಮೀನು ತಿಂದು ಬೆಳೆಯುವ ದೊಡ್ಡ ಮೀನುಗಳ ಮೈಯಲ್ಲಿ ಪಾದರಸ ಸೇರಿಕೊಂಡಿರುತ್ತದೆ. ಶಾರ್ಕ್, ಕತ್ತಿಮೀನು, ಮಾರ್ಲಿನ್ ಬಿಟ್ಟುಬಿಡಿ. ಅಕ್ಕಿಯಲ್ಲಿ ಬೇರೆ ಧಾನ್ಯಗಳಿಗಿಂತ ಆರ್ಸೆನಿಕ್ ಅನ್ನುವ ವಿಷಕಾರಿ ಅಂಶ ಜಾಸ್ತಿ. ಅನ್ನ ಬಿಡಬೇಕಿಲ್ಲ, ದಿನವೂ ಮೂರೂ ಹೊತ್ತು ಬರೀ ಅಕ್ಕಿಯೇ ಆಗದಂತೆ ಬೇರೆ ಧಾನ್ಯವನ್ನೂ ಕೊಡಿ. ಹಾಲಿನ ಬದಲು ಮಾರುವ ಅಕ್ಕಿಯ ಪಾನೀಯ ಮಾತ್ರ 5 ವರ್ಷದವರೆಗೆ ಬೇಡ. ಲಿವರ್‌ನಲ್ಲಿ ಎ ವಿಟಮಿನ್ ಅತಿಯಾಗಿರುತ್ತದೆ, ವಾರಕ್ಕೆ ಒಂದು ಸಲಕ್ಕಿಂತ ಜಾಸ್ತಿ ಬೇಡ.

ಹೆಜ್ಜೆ 7: ಮೊಟ್ಟೆ, ಕಡಲೆಕಾಯಿಯನ್ನು ಪಟ್ಟಿಯಿಂದ ಅಳಿಸಿ

ನನ್ನ ಮೊದಲ ಪಟ್ಟಿಯ ದೊಡ್ಡ ತಪ್ಪು ಇದೇ. ತಪ್ಪು ನನ್ನೊಬ್ಬಳದೇ ಆಗಿರಲಿಲ್ಲ. ಅಲರ್ಜಿಯ ಭಯ ಇರುವ ಮಕ್ಕಳಿಗೆ ಮೊಟ್ಟೆ 2 ವರ್ಷಕ್ಕೆ, ಕಡಲೆಕಾಯಿ ಮತ್ತು ಮೀನು 3 ವರ್ಷಕ್ಕೆ ಅಂತ 2000ದಲ್ಲಿ ಅಮೆರಿಕದ ಅದೇ ಅಕಾಡೆಮಿ ಹೇಳಿತ್ತು. ತಡ ಮಾಡಿದರೆ ಲಾಭ ಇದೆ ಅನ್ನಲು ಪುರಾವೆ ಇಲ್ಲ ಅಂತ 2008ರಲ್ಲಿ ಆ ಮಾತನ್ನು ಕೈಬಿಟ್ಟಿತು. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ಅವರ ತಂಡದ ಅಧ್ಯಯನ ಬಂತು. ತೀವ್ರ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ಕಾಯಿಲೆ) ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಡಲೆಕಾಯಿ ಕೊಡುತ್ತಾ, ಇನ್ನೊಂದಕ್ಕೆ ಪೂರ್ತಿ ನಿಲ್ಲಿಸಿ 5 ವರ್ಷದವರೆಗೆ ನೋಡಿದರು. ತಿಂದ ಮಕ್ಕಳಲ್ಲೇ ಕಡಲೆಕಾಯಿ ಅಲರ್ಜಿ ಬಹಳ ಕಡಿಮೆ ಇತ್ತು. ದೂರ ಇಟ್ಟಷ್ಟೂ ಒಳ್ಳೆಯದು ಅಂದುಕೊಂಡದ್ದು ಪೂರ್ತಿ ಉಲ್ಟಾ ಆಯಿತು.

ಹಾಗಾದರೆ ಶುರು ಮಾಡುವುದು ಹೇಗೆ? ಮಗು ಹುಷಾರಾಗಿರುವ ದಿನ, ಬೆಳಗಿನ ಹೊತ್ತು, ಮನೆಯಲ್ಲೇ. ಒಂದು ಸಲಕ್ಕೆ ಅಲರ್ಜಿ ತರಬಹುದಾದ ಒಂದೇ ಹೊಸ ತಿನಿಸು. ಮೊಟ್ಟೆಯಾದರೆ ಗಟ್ಟಿಯಾಗಿ ಬೇಯಿಸಿದ್ದು, ಕಡಲೆಕಾಯಿಯಾದರೆ ಗಂಟಿಲ್ಲದೆ ತೆಳ್ಳಗೆ ಕಲಸಿದ್ದು. ಚಮಚದ ತುದಿಯಷ್ಟು ಕೊಟ್ಟು ಹತ್ತು ನಿಮಿಷ ನೋಡಿ, ಆಮೇಲೆ ಉಳಿದದ್ದು. ಗಂಧೆ ಏಳುವುದು, ತುಟಿ ಊದುವುದು, ವಾಂತಿ ಮುಂತಾದವು ಸಾಮಾನ್ಯವಾಗಿ ಕೆಲವು ನಿಮಿಷದಿಂದ 2 ಗಂಟೆಯೊಳಗೆ ಕಾಣುತ್ತವೆ. ಉಸಿರಾಟಕ್ಕೆ ತೊಂದರೆಯಾದರೆ, ಮಗು ಜೋಲುಬಿದ್ದರೆ ತಕ್ಷಣ ಆಸ್ಪತ್ರೆ. ಏನೂ ಆಗದಿದ್ದರೆ ವಾರಕ್ಕೆ ಎರಡು ಮೂರು ಸಲ ಕೊಡುತ್ತಲೇ ಇರಿ. ಒಂದು ಸಲ ಕೊಟ್ಟು ತಿಂಗಳುಗಟ್ಟಲೆ ಮರೆತರೆ ಉಪಯೋಗವಿಲ್ಲ.

ಮಗುವಿಗೆ ಆಗಲೇ ತೀವ್ರ ಎಕ್ಸಿಮಾ ಇದ್ದರೆ, ಯಾವುದಾದರೂ ತಿನಿಸಿನ ಅಲರ್ಜಿ ಗೊತ್ತಾಗಿದ್ದರೆ, ಮೊದಲ ಚಮಚಕ್ಕಿಂತ ಮುಂಚೆ ವೈದ್ಯರನ್ನು ಕಾಣಿ. ಟೊಮೇಟೊ, ಕಿತ್ತಳೆ ತಿಂದಾಗ ಬಾಯಿ ಸುತ್ತ ಸ್ವಲ್ಪ ಕೆಂಪಾಗುವುದು ಬಹಳಷ್ಟು ಸಲ ಹುಳಿಯಿಂದ ಆದದ್ದು. ಒರೆಸಿದರೆ ಸ್ವಲ್ಪ ಹೊತ್ತಿಗೆ ಹೋಗುತ್ತದೆ.

ಹೆಜ್ಜೆ 8: ಉಳಿದದ್ದನ್ನು ಏನು ಮಾಡುವುದು

ಮಗುವಿನ ಬಾಯಿಗೆ ಹೋದ ಚಮಚ ಮತ್ತೆ ಬಟ್ಟಲಿಗೆ ಬಂದರೆ, ಎಂಜಲಿನ ಜೊತೆ ರೋಗಾಣುವೂ ಬರುತ್ತದೆ. ಆ ಬಟ್ಟಲಲ್ಲಿ ಉಳಿದದ್ದನ್ನು ಸಂಜೆಗೆ ಎತ್ತಿಡಬೇಡಿ. ಅದಕ್ಕೇ ಮಾಡಿದ್ದನ್ನೆಲ್ಲ ಒಮ್ಮೆಲೇ ಬಡಿಸದೆ, ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳಿ. ಮುಟ್ಟದೆ ಉಳಿದದ್ದನ್ನು 2 ಗಂಟೆಯೊಳಗೆ ಫ್ರಿಡ್ಜ್‌ಗೆ ಇಟ್ಟು ಒಂದೆರಡು ದಿನದಲ್ಲಿ ಮುಗಿಸಿ. ಕೊಡುವಾಗ ಹಬೆಯಾಡುವಷ್ಟು ಬಿಸಿ ಮಾಡಿ, ಆರಿಸಿ ಕೊಡಿ.

ಪಾಲಕ್, ಬೀಟ್‌ರೂಟ್‌ನಂಥವನ್ನು ಮಾತ್ರ ಆಗಲೇ ಮಾಡಿ ಆಗಲೇ ಮುಗಿಸಿ. ಅವುಗಳಲ್ಲಿ ನೈಟ್ರೇಟ್ ಜಾಸ್ತಿ. ಬೇಯಿಸಿ ಇಟ್ಟಾಗ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದು ರಕ್ತ ಆಮ್ಲಜನಕ ಹೊರುವುದಕ್ಕೆ ಅಡ್ಡಿ ಮಾಡುತ್ತದೆ. ಉಳಿದರೆ ದೊಡ್ಡವರು ತಿನ್ನಬಹುದು. ನಮ್ಮ ಮನೆಯಲ್ಲಿ ಉಪ್ಪಿಲ್ಲದ ಪಾಲಕ್ ತಿನ್ನುವ ಪಾಳಿ ಯಾವಾಗಲೂ ನನ್ನದೇ ಆಗಿತ್ತು.